ಟ್ರೌಟ್ ಮೀನಿನ ಚರ್ಮ: ನಿಮ್ಮ ಲೇಖನದ ಕುರಿತು

ಮಾನ್ಯರೇ,

ಸ್ಲೊವೇನಿಯಾದ ಸೋಚಾ ನದಿಯ ಮಾರ್ಬಲ್ ಟ್ರೌಟ್ ಮತ್ತು ಅದರ ಹತ್ತಿರದ ಬಂಧುವಾದ ಬ್ರೌನ್ ಟ್ರೌಟ್ ಮೀನುಗಳ ಚರ್ಮವನ್ನು ಹೋಲಿಸಿ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು; ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಮೊದಲ ಮೂರು ಪುಟಗಳನ್ನು ನದಿಯ ಪಚ್ಚೆ ನೀರೇ ನುಂಗಿದೆ. ಚರ್ಮದ ಮಾತು ಬರುವುದು ನಾಲ್ಕನೆಯ ಪುಟದಲ್ಲಿ, ಅದೂ "ಹುರುಪೆಗಳಿಗೆ ಬಣ್ಣ ಬಳಿದಂತೆ" ಎಂಬ ತಪ್ಪು ಹೋಲಿಕೆಯೊಂದಿಗೆ. ಮೀನು ಕೆರೆದು ಗೊತ್ತಿರುವ ನಮ್ಮ ಕರಾವಳಿಯ ಓದುಗರು ಇದನ್ನು ಒಪ್ಪುವುದಿಲ್ಲ. ಹುರುಪೆಯೊಂದನ್ನು ತೊಳೆದು ಬೆಳಕಿಗೆ ಹಿಡಿದರೆ ಕಾಣುವುದು ಹೆಚ್ಚುಕಡಿಮೆ ಪಾರದರ್ಶಕವಾದ ತೆಳು ಬಿಲ್ಲೆ. ಅದು ಒಳಚರ್ಮದ ಪುಟ್ಟ ಚೀಲದಲ್ಲಿ ಹುದುಗಿರುತ್ತದೆ. ಅದರ ಮೇಲೆ ಲೋಳೆ ಸುರಿಸುವ ಕೋಶಗಳುಳ್ಳ ಹೊರಚರ್ಮವಿದ್ದು, ನಮ್ಮ ಚರ್ಮದಂತೆ ಸತ್ತ ಕೋಶಗಳ ಒಣಪದರವಿಲ್ಲದೆ ಮೇಲ್ಮೈಯವರೆಗೂ ಜೀವಂತವಾಗಿರುತ್ತದೆ. ಬಣ್ಣ ಇರುವುದು ಚರ್ಮದ ವರ್ಣಕೋಶಗಳಲ್ಲಿ. ಕಪ್ಪಿಗೆ ಕಾರಣವಾದ ಮೆಲನಿನ್ ಅನ್ನು ಮೀನು ತಾನೇ ತಯಾರಿಸುತ್ತದೆ, ಕೆಂಪು-ಹಳದಿಯ ಕೆರೋಟಿನಾಯ್ಡ್‌ಗಳನ್ನು ಆಹಾರದಿಂದ ಪಡೆಯುತ್ತದೆ, ಬೆಳ್ಳಿಯ ಹೊಳಪಂತೂ ಬಣ್ಣವೇ ಅಲ್ಲ, ಗ್ವಾನಿನ್ ಹರಳುಗಳು ಹಿಂದಿರುಗಿಸುವ ಬೆಳಕು.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಕಪ್ಪು ಕಲ್ಲುಗಳ ಮೇಲೆ ಮೈ ಗಾಢವಾದ ಮೀನಿನ ಚಿತ್ರವನ್ನು ಕೊಟ್ಟು, ಆ ಛಾಯೆಯನ್ನೇ ನೀವು ಜಾತಿಭೇದವೆಂದು ಕರೆದಿದ್ದೀರಿ. ಕೋಶದೊಳಗಿನ ಮೆಲನಿನ್ ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ನಡುವಿಗೆ ಸೇರಿದರೆ ತಿಳಿಯಾಗುತ್ತದೆ; ಒಂದೇ ಮೀನು ತಳದ ಬಣ್ಣಕ್ಕೆ ತಕ್ಕಂತೆ ಎರಡೂ ಆಗಬಲ್ಲದು. ಎರಡು ಜಾತಿಗಳನ್ನು ಬೇರ್ಪಡಿಸುವುದು ಛಾಯೆಯಲ್ಲ, ವರ್ಣಕೋಶಗಳ ಹಂಚಿಕೆ: ಬ್ರೌನ್ ಟ್ರೌಟ್‌ನಲ್ಲಿ ಬಿಡಿ ಬಿಡಿ ಕಪ್ಪು ಚುಕ್ಕೆಗಳು, ಅನೇಕ ಸಲ ಬಿಳಿಚಿದ ಅಂಚಿನ ಕೆಂಪು ಚುಕ್ಕೆಗಳು, ಮಾರ್ಬಲ್ ಟ್ರೌಟ್‌ನಲ್ಲಿ ಒಂದಕ್ಕೊಂದು ಬೆಸೆದು ಬಳುಕುವ ಗೆರೆಗಳ ಚಕ್ರವ್ಯೂಹ.

ಈ ಭೇದ ಏಕೆ ಮುಖ್ಯವೆಂಬುದು ನಿಮ್ಮ ಲೇಖನದ ಅಡಿಟಿಪ್ಪಣಿಯಲ್ಲಿ ಅಡಗಿ ಕುಳಿತಿದೆ. ಸೋಚಾಕ್ಕೆ ಹೊರಗಿನ ಬ್ರೌನ್ ಟ್ರೌಟ್ ತಂದು ಬಿಟ್ಟ ಮೇಲೆ ಎರಡೂ ಕೂಡಿ ಮಿಶ್ರತಳಿಗಳು ಹುಟ್ಟಿದವು, ಶುದ್ಧ ಮಾರ್ಬಲ್ ಟ್ರೌಟ್ ಮೇಲ್ಭಾಗದ ಕೆಲವೇ ಪ್ರತ್ಯೇಕ ತೊರೆಗಳಲ್ಲಿ ಉಳಿಯಿತು. ಅಮೃತಶಿಲೆಯಂಥ ಮೈಯಲ್ಲಿ ಕೆಂಪು ಚುಕ್ಕೆ ಕಂಡರೆ ಬೆರಕೆಯ ಅನುಮಾನ ಹುಟ್ಟುತ್ತದೆ. ಖಚಿತಪಡಿಸಲು ವಂಶವಾಹಿ ಪರೀಕ್ಷೆ ಬೇಕು. ಲೇಖನ ಆ ಚುಕ್ಕೆಯಿಂದಲೇ ಆರಂಭವಾಗಲಿ. ಎರಡೂ ಚರ್ಮಗಳ ಅಡ್ಡಕೊಯ್ತದ ರೇಖಾಚಿತ್ರವೊಂದನ್ನು ಜೊತೆಗಿಡಿ. ಪಚ್ಚೆ ನೀರಿಗೆ ಒಂದು ವಾಕ್ಯ ಉಳಿಸಿಕೊಳ್ಳಬಹುದು.

ಇತಿ,
ಸಂಪಾದಕ