ಹಕ್ಕಿಗಳನ್ನು ಬಿಡಿ, ಮಿಸ್ಡ್ ಕಾಲ್ ಬಗ್ಗೆ ಬರೆಯಿರಿ

ನಮಸ್ಕಾರ,

ನೀವು ಕಳಿಸಿದ ‘ಘಟನಾಪ್ರಚೋದಿತ ಸಹಮತ ನಿಯಂತ್ರಣ’ ಲೇಖನವನ್ನು ಎರಡು ಸಲ ಓದಿದೆ. ಮೂರು ಡ್ರೋನ್‌ಗಳಿವೆ, ನಾಯಕನಿಲ್ಲ. ಪಕ್ಕದ ಡ್ರೋನ್ ಜೊತೆ ಮಾತಾಡಿಕೊಂಡೇ ಎಲ್ಲವೂ ಒಂದೇ ಎತ್ತರಕ್ಕೆ ಬರಬೇಕು. ಅದೂ ಸದಾ ಮಾತಾಡದೆ, ಬೇಕಾದಾಗ ಮಾತ್ರ. ವಿಷಯ ಚೆನ್ನಾಗಿದೆ. ಆದರೆ ಲೇಖನವನ್ನು ಈಗಿರುವ ಹಾಗೇ ಹಾಕಲು ಆಗುವುದಿಲ್ಲ.

ಮೊದಲ ಒಂದೂವರೆ ಪುಟ ಹಕ್ಕಿಗಳ ಹಿಂಡಿಗೇ ಹೋಗಿದೆ. ಪಕ್ಕದ ಹಕ್ಕಿಯನ್ನು ನೋಡಲು ಹಕ್ಕಿಗೆ ಬ್ಯಾಟರಿ ಖರ್ಚಿಲ್ಲ. ಡ್ರೋನ್ ಹಾಗಲ್ಲ. ರೇಡಿಯೋ ಬಳಸಿದಷ್ಟೂ ಬ್ಯಾಟರಿ ಇಳಿಯುತ್ತದೆ, ಚಾನೆಲ್ ಕಿಕ್ಕಿರಿಯುತ್ತದೆ. ಅಂದರೆ ನಿಮ್ಮ ಹೋಲಿಕೆ ಮುಖ್ಯವಾದ ಜಾಗದಲ್ಲೇ ಕೈಕೊಡುತ್ತದೆ.

ಊರಿಗೆ ಹೊರಟಾಗ ಮನೆಯವರು ‘ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’ ಅನ್ನುತ್ತಿದ್ದರು, ಅಲ್ವಾ? ಕಾಲ್ ಬಂದಿಲ್ಲ ಅಂದರೆ ಇನ್ನೂ ದಾರಿಯಲ್ಲಿದ್ದಾನೆ ಅಂತ ಅರ್ಥ. ಸುಮ್ಮನಿರುವುದೂ ಒಂದು ಸುದ್ದಿಯೇ. ಡ್ರೋನ್ ಕೂಡ ಹಾಗೇ. ತಾನು ಕೊನೆಯ ಸಲ ಹೇಳಿದ ಎತ್ತರಕ್ಕೂ ಈಗಿನ ಎತ್ತರಕ್ಕೂ ಇರುವ ವ್ಯತ್ಯಾಸ ಮೊದಲೇ ಗೊತ್ತುಮಾಡಿದ ಒಂದು ಹೊಸ್ತಿಲು ದಾಟಿದಾಗ ಮಾತ್ರ ಹೊಸ ಸಂಖ್ಯೆ ಕಳಿಸುತ್ತದೆ. ಅಲ್ಲಿಯವರೆಗೆ ಪಕ್ಕದ್ದು ಹಳೆಯದನ್ನೇ ನಂಬಿಕೊಂಡಿರುತ್ತದೆ. (‘ಮಿತಿಮೌಲ್ಯ’ ಅಂತ ಹದಿನಾಲ್ಕು ಸಲ ಬರೆದಿದ್ದೀರಿ. ಹೊಸ್ತಿಲು ಅನ್ನಿ, ದಾಟುವುದು ಕಣ್ಣಿಗೆ ಕಟ್ಟುತ್ತದೆ.) ಆದರೆ ಮೊಬೈಲ್ ಸ್ವಿಚ್ ಆಫ್ ಆಗಿದ್ದರೆ? ಸಂದೇಶ ದಾರಿಯಲ್ಲೇ ಕಳೆದುಹೋದರೂ ಕೇಳಿಸುವುದು ಅದೇ ಮೌನ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಇನ್ನು ತಪ್ಪಿಗೆ ಬರೋಣ. ಸಾಲಾಗಿ 30, 40, 80 ಮೀಟರ್ ಎತ್ತರದಲ್ಲಿರುವ ಡ್ರೋನ್‌ಗಳು ‘ಕೊನೆಗೆ ಸರಾಸರಿ 50ಕ್ಕೇ ಬರುತ್ತವೆ’ ಎಂದಿದ್ದೀರಿ. ಮಾತು ಎರಡೂ ಕಡೆಗೆ ಹೋದರೆ ಸರಿ. ನಿಮ್ಮ ಚಿತ್ರದಲ್ಲಿ ಬಾಣಗಳು ಒಂದೇ ಕಡೆಗಿವೆ. 80ರಲ್ಲಿರುವುದು ಹೇಳುತ್ತದೆ, ಯಾರ ಮಾತೂ ಕೇಳುವುದಿಲ್ಲ. ಹಾಗಾದರೆ ಎಲ್ಲವೂ 80ಕ್ಕೇ ಹೋಗುತ್ತವೆ! ನಾಯಕನಿಲ್ಲ ಎಂದವರೇ ಚಿತ್ರದಲ್ಲಿ ನಾಯಕನನ್ನು ಕೂರಿಸಿದ್ದೀರಿ.

ಸರಾಸರಿ ಉಳಿಯಲು ಇನ್ನೊಂದು ಕಟ್ಟುಪಾಡಿದೆ. ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬ ತನ್ನ ಲೆಕ್ಕಕ್ಕೂ ಡ್ರೋನ್ ತಾನು ಕೊನೆಗೆ ಹೇಳಿದ ಎತ್ತರವನ್ನೇ ಬಳಸಬೇಕು, ಈಗಿನ ನಿಜವಾದ ಎತ್ತರವನ್ನಲ್ಲ. ಆಗ ಒಂದೊಂದು ಜೋಡಿಯಲ್ಲೂ ಒಬ್ಬರ ಏರಿಕೆ ಇನ್ನೊಬ್ಬರ ಇಳಿಕೆಗೆ ಸಮ. ಮೂರರ ಎತ್ತರ ಕೂಡಿದರೆ ಬರುವ ಒಟ್ಟು 150 ಕದಲುವುದಿಲ್ಲ. ಗೊತ್ತಿರುವ ನಿಜವನ್ನು ಬದಿಗಿಟ್ಟು ಆಡಿದ ಮಾತಿಗೆ ಅಂಟಿಕೊಳ್ಳಬೇಕು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ನೀವು ಸಮೀಕರಣದಲ್ಲಿ ಸರಿಯಾಗಿ ಬರೆದು, ಮಾತಿನಲ್ಲಿ ಹೇಳದೇ ಬಿಟ್ಟಿದ್ದೀರಿ.

ಓಟಗಾರ ಎಷ್ಟು ಓಡಿದರೂ ಮುಂದಿರುವ ಆಮೆಯನ್ನು ಹಿಡಿಯಲಾರ ಎನ್ನುವ ಗ್ರೀಕ್ ತತ್ವಜ್ಞಾನಿ ಜೀನೋನ ಒಗಟಿಗೆ ಅರ್ಧ ಪುಟ ಕೊಟ್ಟಿದ್ದೀರಿ, ರೇಡಿಯೋಗೆ ಏನಾಗುತ್ತದೆ ಅಂತ ಹೇಳಿಲ್ಲ. ಡ್ರೋನ್‌ಗಳು ಹತ್ತಿರವಾದಷ್ಟೂ ಹೊಸ್ತಿಲೂ ಕುಗ್ಗುವ ನಿಯಮವಿದ್ದರೆ, ಸಂದೇಶಗಳ ನಡುವಿನ ಬಿಡುವು ಕುಗ್ಗುತ್ತಾ ಹೋಗಿ, ಸೆಕೆಂಡಿನೊಳಗೆ ಎಣಿಸಲಾಗದಷ್ಟು ಸಂದೇಶ ಕಳಿಸುವ ಪಾಡು ಬರಬಹುದು. ನೀವು ಹೆಸರಿಸಿದ ಡಿಮರೊಗೊನಾಸ್, ಫ್ರಜ್ಜೋಲಿ, ಜೊಹಾನ್ಸನ್ ಅವರ 2012ರ ಪ್ರಬಂಧದಲ್ಲಿ ಯಾವಾಗ ಮಾತಾಡಬೇಕೆಂದು ತಿಳಿಯಲು ಪಕ್ಕದವರ ಈಗಿನ ಸ್ಥಿತಿಯೂ ಬೇಕು. ಬಾಯಿ ಮುಚ್ಚಿಕೊಂಡಿರಲು ಸದಾ ಕಿವಿ ತೆರೆದಿರಬೇಕು! 2013ರಲ್ಲಿ ಸೈಬೋತ್ ಅವರು ಅದೇ ಡಿಮರೊಗೊನಾಸ್, ಜೊಹಾನ್ಸನ್ ಜೊತೆ ಸೇರಿ ಬೇರೆ ದಾರಿ ತೋರಿಸಿದರು. ಹೊಸ್ತಿಲು ಗಡಿಯಾರದ ಪ್ರಕಾರ ಕುಗ್ಗಲಿ, ಅದನ್ನು ದಾಟಿದೆಯೋ ಇಲ್ಲವೋ ಎಂದು ನೋಡಲು ಡ್ರೋನ್‌ಗೆ ತನ್ನ ಲೆಕ್ಕವೊಂದೇ ಸಾಕು. ಆದರೆ ಜಾಲ ಒಮ್ಮತಕ್ಕೆ ಬರುವ ವೇಗಕ್ಕಿಂತ ಹೊಸ್ತಿಲು ನಿಧಾನವಾಗಿ ಕುಗ್ಗಬೇಕು. ಹೊಸ್ತಿಲನ್ನು ಬದಲಿಸದೇ ಇಟ್ಟರೆ ಕೆಲಸ ಇನ್ನೂ ಸುಲಭ, ಆದರೆ ಡ್ರೋನ್‌ಗಳು 50ರ ಆಸುಪಾಸಿನಲ್ಲಿ ಇರುತ್ತವೆ ಅಷ್ಟೇ. ಡ್ರೋನ್‌ಗೆ ಅಷ್ಟು ಸಾಕೇನೋ. ಆಮೆಯ ಜಾಗದಲ್ಲಿ ಈ ಕಥೆ ಬರಲಿ.

‘ಭಾರಿ ಉಳಿತಾಯ’ ಅಂತ ಸುಮ್ನೆ ಬರೆಯಬೇಡಿ. ಒಂದೊಂದು ಡ್ರೋನ್ ಸೆಕೆಂಡಿಗೆ 10 ಸಲ ಕಳಿಸಿದರೆ, ಮೂರೂ ಸೇರಿ ನಿಮಿಷಕ್ಕೆ 1,800 ಸಂದೇಶ. ಒಂದು ಮೀಟರ್ ಹೊಸ್ತಿಲಿಟ್ಟು ನಿಮ್ಮ ಸಿಮ್ಯುಲೇಷನ್ ಓಡಿಸಿ, ಎಷ್ಟಾಯಿತು ಅಂತ ಎಣಿಸಿ ಬರೆಯಿರಿ. ಸಂಖ್ಯೆ ಚಿಕ್ಕದೋ ದೊಡ್ಡದೋ, ಬಂದದ್ದನ್ನೇ ಹಾಕಿ.

ತಿದ್ದಿದ ಬರಹ ನಿಧಾನವಾಗಿ ಬಂದರೂ ಪರವಾಗಿಲ್ಲ. ಬಾಣ ಸರಿಮಾಡಿದ ಚಿತ್ರ ಮಾತ್ರ ಬೇಗ ಕಳಿಸಿ, ನಮ್ಮಲ್ಲಿ ಚಿತ್ರ ಬರೆಯುವವರು ಮುಂದಿನ ವಾರ ರಜೆ ಹಾಕುತ್ತಿದ್ದಾರೆ.