ಖಾಲಿ ಬಿಟ್ಟ ಕಾಲಂ, ಸೊನ್ನೆಯಾದ ಲೆಕ್ಕ

ಪ್ರಶ್ನೆ: ನಮ್ಮ ತಂದೆಯವರು ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುತ್ತಾರೆ. ಅವರ ಲೆಕ್ಕಕ್ಕೆಂದು ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಫಾರ್ಮ್ ಮಾಡಿದ್ದೇನೆ. ಬಾಕ್ಸಿಗೆ 15 ಕೆ.ಜಿ. ಹಿಡಿಯುವುದು ವಾಡಿಕೆಯಾದ್ದರಿಂದ ಫಂಕ್ಷನ್ನಿನಲ್ಲಿ ‘ತೂಕ = 15’ ಎಂದು ಡೀಫಾಲ್ಟ್ (ಏನೂ ಕೊಡದಿದ್ದಾಗ ತಾನಾಗಿ ಹಿಡಿಯುವ ಸಂಖ್ಯೆ) ಕೊಟ್ಟಿದ್ದೆ. ಆದರೂ ತೂಕದ ಕಾಲಂ ಖಾಲಿ ಬಿಟ್ಟು 40 ಬಾಕ್ಸ್ ಎಂದು ತುಂಬಿದರೆ 600 ಬರುವ ಬದಲು 0 ಬರುತ್ತಿತ್ತು. ಎರಡು ನೆಟ್ಟಗೆರೆಗಳ ‘ಅಥವಾ’ ಗುರುತು ಹಾಕಿದ ಮೇಲೆ ತೂಕ ಸರಿಹೋಯಿತು. ಆದರೆ ನಮ್ಮದೇ ಟ್ರ್ಯಾಕ್ಟರಿನಲ್ಲಿ ಒಯ್ದ ದಿನ ಬಾಡಿಗೆ 0 ಎಂದು ಬರೆದರೂ ಬಾಕ್ಸಿಗೆ 10 ರೂಪಾಯಿ ಹಿಡಿಯುತ್ತಿದೆ. ತಪ್ಪು ಎಲ್ಲಿದೆ?
— ಓದುಗರೊಬ್ಬರು, ಕೋಲಾರ ತಾಲ್ಲೂಕು

ಉತ್ತರ: ನಿಮ್ಮ ಡೀಫಾಲ್ಟ್ ಸರಿಯಾಗಿಯೇ ಇದೆ, ಅದಕ್ಕೆ ಕೆಲಸ ಮಾಡುವ ಸಂದರ್ಭವೇ ಒದಗುತ್ತಿಲ್ಲ. 2015ರ ಆವೃತ್ತಿಯಲ್ಲಿ ಭಾಷೆಗೆ ಸೇರಿದ ಈ ಸೌಲಭ್ಯವು, ಆರ್ಗ್ಯುಮೆಂಟನ್ನು (ಫಂಕ್ಷನ್ನಿಗೆ ಕಳಿಸುವ ವ್ಯಾಲ್ಯೂವನ್ನು) ಕೊಡದೇ ಇದ್ದಾಗ ಅಥವಾ ಅದು ಅನ್‌ಡಿಫೈನ್ಡ್ (ಯಾವ ವ್ಯಾಲ್ಯೂವೂ ಇಲ್ಲವೆಂಬ ಗುರುತು) ಆಗಿದ್ದಾಗ ಮಾತ್ರ ಜಾರಿಗೆ ಬರುತ್ತದೆ. ಖಾಲಿ ಕಾಲಂನ ವ್ಯಾಲ್ಯೂ ಏನೆಂದು ಬ್ರೌಸರಿನ ಕನ್ಸೋಲ್‌ನಲ್ಲಿ ಒಮ್ಮೆ ಕೇಳಿ ನೋಡಿ: ಒಳಗೆ ಏನೂ ಇಲ್ಲದ ಒಂದು ಜೊತೆ ಉದ್ಧರಣ ಚಿಹ್ನೆ ಕಾಣಿಸುತ್ತದೆ. ಅದು ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಎನ್ನುತ್ತಾರೆ). ಒಳಗೆ ಅಕ್ಷರವಿಲ್ಲದಿದ್ದರೂ ಫಂಕ್ಷನ್ನಿನ ಪಾಲಿಗೆ ‘ತೂಕ’ ಬಂದು ತಲುಪಿದಂತೆಯೇ. ಮುಂದೆ ಗುಣಿಸುವಾಗ ಜಾವಾಸ್ಕ್ರಿಪ್ಟ್ ಖಾಲಿ ಸ್ಟ್ರಿಂಗನ್ನು ಸೊನ್ನೆಯೆಂದು ಎಣಿಸುವುದರಿಂದ 40 ಬಾಕ್ಸಿನ ತೂಕವೂ ಸೊನ್ನೆಯಾಗುತ್ತದೆ. ಕಾಲಂನ ಟೈಪನ್ನು ನಂಬರ್ ಎಂದು ಬದಲಿಸಿದರೂ ವ್ಯಾಲ್ಯೂ ಸ್ಟ್ರಿಂಗ್ ಆಗಿಯೇ ಬರುತ್ತದೆ.

‘ಅಥವಾ’ ಗುರುತು ಖಾಲಿ ಸ್ಟ್ರಿಂಗ್ ಮತ್ತು ಸೊನ್ನೆ ಎರಡನ್ನೂ ‘ಇಲ್ಲ’ ಎಂದೇ ತಿಳಿದು, ಬದಲಿಗೆ ತನ್ನ ಬಲಗಡೆಯದನ್ನು ಕೊಡುತ್ತದೆ. ಬಾಡಿಗೆಯನ್ನು ಸಂಖ್ಯೆಯಾಗಿ ಮಾಡಿಕೊಂಡ ಮೇಲೆ ನೀವು ಅದನ್ನು ಬಳಸಿರಬೇಕು. ಆದ್ದರಿಂದ ತಂದೆಯವರು ತಿಳಿದೇ ಬರೆದ ಸೊನ್ನೆ ಹೋಗಿ ಅಲ್ಲಿ 10 ಬಂದು ಕೂತಿದೆ. 2020ರಲ್ಲಿ ಬಂದ ಎರಡು ಪ್ರಶ್ನಾರ್ಥಕಗಳ ಗುರುತು ಸೊನ್ನೆಯನ್ನು ಉಳಿಸುತ್ತದೆ, ಆದರೆ ಖಾಲಿ ಸ್ಟ್ರಿಂಗನ್ನೂ ಹಾಗೆಯೇ ಬಿಡುತ್ತದೆ. ಹೀಗಾಗಿ ಅದೊಂದರಿಂದಲೇ ನಿಮ್ಮ ತೊಂದರೆ ನೀಗದು.

ಫಂಕ್ಷನ್ನನ್ನು ಕರೆಯುವ ಮೊದಲೇ ಕಾಲಂನ ವ್ಯಾಲ್ಯೂವನ್ನು ಹಸನು ಮಾಡಿಕೊಳ್ಳಿ. ಟ್ರಿಮ್ ಮಾಡಿ ಅಕ್ಕಪಕ್ಕದ ಸ್ಪೇಸ್ ತೆಗೆಯಿರಿ. ಏನೂ ಉಳಿಯದಿದ್ದರೆ ಅನ್‌ಡಿಫೈನ್ಡ್ ಕಳಿಸಿ, ಉಳಿದರೆ ಸಂಖ್ಯೆಯಾಗಿ ಪರಿವರ್ತಿಸಿ, ಅದು ನಿಜಕ್ಕೂ ಸಂಖ್ಯೆಯೇ ಎಂದು ಪರೀಕ್ಷಿಸಿದ ನಂತರ ಕಳಿಸಿ. ಇಷ್ಟು ಮಾಡಿ ‘ಅಥವಾ’ ಗುರುತನ್ನು ತೆಗೆದುಬಿಟ್ಟು, ಬಾಡಿಗೆಗೂ ‘ಬಾಡಿಗೆ = 10’ ಎಂದು ಡೀಫಾಲ್ಟ್ ಕೊಟ್ಟರೆ, ಖಾಲಿ ತೂಕಕ್ಕೆ 15 ಬರುತ್ತದೆ, ಬರೆದ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಬಟನ್ನಿನ ಕ್ಲಿಕ್‌ಗೆ ಈ ಫಂಕ್ಷನ್ನನ್ನು ನೇರವಾಗಿ ಕಟ್ಟಬೇಡಿ. ಹಾಗೆ ಕಟ್ಟಿದರೆ ಮೊದಲ ಆರ್ಗ್ಯುಮೆಂಟಿನ ಜಾಗಕ್ಕೆ ಈವೆಂಟ್ ಆಬ್ಜೆಕ್ಟ್ (ಆ ಕ್ಲಿಕ್ಕಿನ ವಿವರಗಳ ಕಂತೆ) ಬಂದು ಕೂರುತ್ತದೆ.

ಇನ್ನೊಂದು ಮಾತು. ಇದು ಹಣದ ಲೆಕ್ಕವಾದ್ದರಿಂದ, ಫಂಕ್ಷನ್ನಿನೊಳಗೆ ಅಡಗಿರುವ 15ಕ್ಕಿಂತ ಕಾಲಂನಲ್ಲಿ ಮೊದಲೇ ತುಂಬಿ ತೋರಿಸಿದ 15 ಮೇಲೆಂದು ನಾನು ಭಾವಿಸುತ್ತೇನೆ, ಏಕೆಂದರೆ ಬಾಕ್ಸಿನ ತೂಕ ಬೇರೆಯಾದ ದಿನ ತಂದೆಯವರೇ ಅದನ್ನು ಕಂಡು ತಿದ್ದಬಹುದು. ಆದರೆ ಅದನ್ನು ವ್ಯಾಲ್ಯೂ ಆಗಿಯೇ ತುಂಬಿ; ಪ್ಲೇಸ್‌ಹೋಲ್ಡರಿನಲ್ಲಿ ಮಸುಕಾಗಿ ಕಾಣುವ 15 ನೋಟಕ್ಕೆ ಮಾತ್ರ, ಅದರ ಹಿಂದಿನ ಕಾಲಂ ಖಾಲಿಯೇ ಆಗಿರುತ್ತದೆ.