ಹಪ್ಪಳದ ಕಟ್ಟಿಗೆ 20 ರೂಪಾಯಿ ಕೇಳು

ಸಾಗರ ತಾಲ್ಲೂಕಿನ ಹಳ್ಳಿಯೊಂದರಿಂದ 16 ವರ್ಷದ ಹುಡುಗಿಯೊಬ್ಬಳು ಈ ಅಂಕಣಕ್ಕೆ ನಾಲ್ಕು ಪುಟದ ಪತ್ರ ಬರೆದಿದ್ದಾಳೆ. ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಮೂರನೇ ಪುಟದ ಒಂದು ಸಾಲಿನ ಹತ್ತಿರ ಬಂದು ನಿಂತುಬಿಟ್ಟೆ. ರಾತ್ರಿ ಮಲಗಿದ ಮೇಲೂ ಅದೇ ಸಾಲು ತಲೆಯಲ್ಲಿ ತಿರುಗುತ್ತಿತ್ತು. ಅದರ ಮಾತು ಆಮೇಲೆ. ಮೊದಲು ಅವಳ ಕಷ್ಟ ಏನು ಅಂತ ಹೇಳಿಬಿಡುತ್ತೇನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ. ಪಿಯುಸಿ ಶುರುವಾಗುವವರೆಗೆ ರಜೆ. ಕಾಲೇಜಿಗೆ ಹೋಗುವಷ್ಟರಲ್ಲಿ ತನ್ನದೇ ದುಡ್ಡಿನಲ್ಲಿ ಒಂದು ಫೋನ್ ತಗೊಳ್ಳಬೇಕು ಅಂತ ಅವಳ ಆಸೆ. ಪೇಟೆಯ ಫ್ಯಾನ್ಸಿ ಸ್ಟೋರ್ ಒಂದರಲ್ಲಿ ಕೆಲಸಕ್ಕೆ ಕೇಳಿದ್ದಾಳೆ. ತಿಂಗಳಿಗೆ 6,000, ಬೆಳಿಗ್ಗೆ 9.30ರಿಂದ ರಾತ್ರಿ 8.30. ಅಪ್ಪ ಬೇಡ ಅಂದಿದ್ದಾರೆ. ಹೆಣ್ಣುಮಗು ಅಂಗಡಿಯಲ್ಲಿ ನಿಂತರೆ ನಾಲ್ಕು ಜನ ಏನಂತಾರೆ, ರಾತ್ರಿ ಬಸ್ ಸಿಗದಿದ್ದರೆ ಏನು ಗತಿ ಅನ್ನುವುದು ಅವರ ಮಾತು. 17 ವರ್ಷದ ಅಣ್ಣ ಮಾತ್ರ ಮದುವೆ ಮನೆಗಳಿಗೆ ಬಡಿಸೋಕೆ ಹೋಗಿ ದಿನಕ್ಕೆ 400 ರೂಪಾಯಿ ತರುತ್ತಾನೆ. ರಾತ್ರಿ ಹನ್ನೆರಡಕ್ಕೆ ಮನೆಗೆ ಬಂದರೂ ಅವನನ್ನು ಯಾರೂ ಏನೂ ಕೇಳುವುದಿಲ್ಲ. 'ಅಣ್ಣನಿಗೊಂದು ನ್ಯಾಯ, ನನಗೊಂದು ನ್ಯಾಯ. ಅಪ್ಪನನ್ನು ಹೇಗೆ ಒಪ್ಪಿಸಲಿ ಅಕ್ಕಾ?' ಅಂತ ಕೇಳಿದ್ದಾಳೆ.

ಇನ್ನು ಆ ಸಾಲು. ಅವಳು ಬರೆದ ಹಾಗೇ ಕೊಡುತ್ತೇನೆ: 'ಈಗ ಮನೆಯಲ್ಲಿ ಸುಮ್ನೆ ಇದ್ದೀನಿ, ಪಕ್ಕದ ಮನೆ ದೊಡ್ಡಮ್ಮನ ಜೊತೆ ದಿನಾ 200 ಹಪ್ಪಳ ಮಾಡೋದು ಬಿಟ್ಟರೆ ಏನೂ ಕೆಲಸ ಇಲ್ಲ.'

ಮಗಳೇ, ದಿನಾ 200 ಹಪ್ಪಳ ಮಾಡುವವಳು ಸುಮ್ನೆ ಇದ್ದೀನಿ ಅಂತ ಯಾಕೆ ಬರೆದೆ?

ಹಲಸಿನ ಹಪ್ಪಳ ಅಂದರೆ ಎಷ್ಟು ಕೆಲಸ ಅಂತ ನನಗೆ ಗೊತ್ತು. ಚೆನ್ನಾಗಿ ಬಲಿತು ಇನ್ನೂ ಹಣ್ಣಾಗದ ಕಾಯಿ ಬೇಕು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೊಯ್ದರೂ ಮೇಣ ಬಿಡುವುದಿಲ್ಲ. ತೊಳೆ ಬಿಡಿಸಬೇಕು, ಬೀಜ ತೆಗೆಯಬೇಕು, ನಾರು ತೆಗೆಯಬೇಕು. ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ನೀರು ಸೋಕಿಸದೆ ಉಪ್ಪು, ಮೆಣಸು, ಜೀರಿಗೆ ಹಾಕಿ ರುಬ್ಬಬೇಕು. ಒಂದೊಂದೇ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಹರಿಯದ ಹಾಗೆ ಬಿಡಿಸಿ ಚಾಪೆ ಮೇಲೆ ಹಾಕಬೇಕು. ಮಧ್ಯಾಹ್ನ ಮಗುಚಬೇಕು, ಕಾಗೆ ಓಡಿಸಬೇಕು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಕಡೆ ಮೂರು ಗಂಟೆಗೆ ಮೋಡ ಕಟ್ಟಿತು ಅಂದರೆ ಚಾಪೆ ಸಮೇತ ಒಳಗೆ ಓಡಬೇಕು. ಎರಡು ಮೂರು ಬಿಸಿಲು ಕೊಟ್ಟ ಮೇಲೆ ಎಣಿಸಿ ಕಟ್ಟಬೇಕು. ಇದರಲ್ಲಿ ಕಾಯಿ ಕೊಯ್ಯುವುದು, ರುಬ್ಬುವುದು ದೊಡ್ಡಮ್ಮನದು, ಉಳಿದದ್ದೆಲ್ಲ ಹೆಚ್ಚುಕಮ್ಮಿ ನಿನ್ನದು ಅಂತ ನೀನೇ ಬರೆದಿದ್ದೀಯ. ಬೆಳಿಗ್ಗೆ ಎಂಟಕ್ಕೆ ಕೂತರೆ ಊಟದ ಹೊತ್ತಿನವರೆಗೆ, ಊಟವಾದ ಮೇಲೆ ಮತ್ತೆ ಎರಡು ತಾಸು. ದಿನಕ್ಕೆ ಆರು ಗಂಟೆ.

ಅಷ್ಟಕ್ಕೆ ನಿನಗೆ ಬಂದದ್ದು ಏನು? ಹೋದ ವರ್ಷ ಒಂದು ಚೂಡಿದಾರ್. ಈ ವರ್ಷ ಇನ್ನೂ ಏನೂ ಇಲ್ಲ. 25ರ ಒಂದು ಕಟ್ಟನ್ನು ದೊಡ್ಡಮ್ಮ 90 ರೂಪಾಯಿಗೆ ಮಾರುತ್ತಾರೆ ಅನ್ನುವುದನ್ನೂ ಬರೆದಿದ್ದೀಯ. ಬೆಂಗಳೂರಿನ ನೆಂಟರಿಂದ ಫೋನಿನಲ್ಲೇ ಆರ್ಡರ್ ಬರುತ್ತದಂತೆ. 'ದೊಡ್ಡಮ್ಮನ ಹಪ್ಪಳ ತುಂಬಾ ಫೇಮಸ್' ಅಂತ ಹೆಮ್ಮೆಯಿಂದ ಬರೆದಿದ್ದೀಯ. ನನಗೆ ಕರುಳು ಚುರುಕ್ ಅಂದದ್ದು ಅಲ್ಲೇ. ಆ ಹಪ್ಪಳ ಒತ್ತಿದ್ದು ಯಾರು ಮಗಳೇ?

ಈ ಅಂಕಣ ಓದುವವರಿಗೆ ಗೊತ್ತು, ಯಾವ ಪತ್ರ ಬಂದರೂ ನಾನು ಲೆಕ್ಕದ ಪುಸ್ತಕ ತೆಗೆಯುತ್ತೇನೆ. ಗಂಡ ಹೆಂಡತಿ ಜಗಳಕ್ಕೂ ತೆಗೆದಿದ್ದೇನೆ, ಅತ್ತೆ ಸೊಸೆ ವಿಷಯಕ್ಕೂ ತೆಗೆದಿದ್ದೇನೆ. ಇವತ್ತೂ ತೆಗೆಯೋಣ.

ದಿನಕ್ಕೆ 200 ಹಪ್ಪಳ ಅಂದರೆ 8 ಕಟ್ಟು. 90ರಂತೆ 720 ರೂಪಾಯಿ. ಮಳೆ ಮೋಡದ ದಿನ, ಹಬ್ಬ ಹರಿದಿನ ಬಿಟ್ಟು ತಿಂಗಳಿಗೆ 25 ದಿನ ಹಿಡಿ. 18,000 ಆಯಿತು. ಕಾಯಿ, ಉಪ್ಪು, ಮೆಣಸು, ಗ್ಯಾಸು, ಕರೆಂಟು, ಪಾರ್ಸೆಲ್ಲು ಅಂತ ಅರ್ಧವನ್ನೇ ಖರ್ಚಿಗೆ ಬಿಟ್ಟುಬಿಡೋಣ. ಉಳಿದದ್ದು 9,000. ಅದು ಇಬ್ಬರ ದುಡಿಮೆ. ಗಿರಾಕಿ ದೊಡ್ಡಮ್ಮನವರು, ಪಾಕ ಅವರದು, ಮೇಣದಲ್ಲಿ ಕೈ ಹಾಕುವವರೂ ಅವರೇ. ಅವರಿಗೆ ಜಾಸ್ತಿ ಹೋಗಲಿ. ನಿನಗೆ ಕಟ್ಟಿಗೆ 20 ರೂಪಾಯಿ ಸಿಕ್ಕರೂ ದಿನಕ್ಕೆ 160, ತಿಂಗಳಿಗೆ 4,000. ದೊಡ್ಡಮ್ಮನಿಗೆ 5,000 ಉಳಿಯುತ್ತದೆ.

ಈಗ ನೀನು ಆಸೆಪಟ್ಟ ಅಂಗಡಿಯ ಲೆಕ್ಕ. 11 ಗಂಟೆಯಂತೆ 26 ದಿನ ಅಂದರೆ 286 ಗಂಟೆ. ಅದಕ್ಕೆ 6,000. ಗಂಟೆಗೆ 21 ರೂಪಾಯಿ ಬೀಳುತ್ತದೆ, ಅದರಲ್ಲೂ ಬಸ್ಸಿನ ದುಡ್ಡು ನಿನ್ನದೇ. ಹಪ್ಪಳದಲ್ಲಿ 150 ಗಂಟೆಗೆ 4,000, ಗಂಟೆಗೆ 26 ರೂಪಾಯಿಗೂ ಜಾಸ್ತಿ. ಜೊತೆಗೆ ಸಂಜೆ ಪೂರ್ತಿ ನಿನ್ನದು.

ಆ ಅಂಗಡಿ ನಿನಗೆ ಬೇಡ. ನಿನ್ನ ಅಪ್ಪ ಬೇಡ ಅಂದದ್ದಕ್ಕೆ ಹೇಳುತ್ತಿಲ್ಲ. 11 ಗಂಟೆ ನಿಲ್ಲಿಸುವ ಅಂಗಡಿ 16 ವರ್ಷದ ಯಾರಿಗೂ ಬೇಡ. ಇದಕ್ಕೆ ಕಾನೂನೇ ಇದೆ. ಬಾಲ ಮತ್ತು ಕಿಶೋರ ಕಾರ್ಮಿಕರ ಕಾಯಿದೆ, 1986ರದ್ದು, 2016ರಲ್ಲಿ ತಿದ್ದುಪಡಿಯಾಯಿತು. 14 ತುಂಬದ ಮಕ್ಕಳನ್ನು ಅಂಗಡಿ, ಹೋಟೆಲ್ಲು, ಗ್ಯಾರೇಜಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯವರ ಕೆಲಸಕ್ಕೆ ನೆರವಾಗಬಹುದು ಅಷ್ಟೆ, ಅದೂ ಅಪಾಯವಿಲ್ಲದ ಕೆಲಸ. 14 ದಾಟಿ 18 ತುಂಬದವರು ಗಣಿ, ಪಟಾಕಿ, ಸ್ಫೋಟಕದಂಥ ಅಪಾಯದ ಕಡೆ ಬಿಟ್ಟು ಬೇರೆ ಕಡೆ ದುಡಿಯಬಹುದು. ಆದರೆ ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. 3 ಗಂಟೆ ಆಯಿತು ಅಂದರೆ ಒಂದು ಗಂಟೆ ಕೂರಿಸಬೇಕು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಕೂಡದು. ಓವರ್‌ಟೈಮ್ ಇಲ್ಲ. ವಾರಕ್ಕೆ ಒಂದು ದಿನ ಪೂರ್ತಿ ರಜೆ. ಅಂಗಡಿ ಯಜಮಾನರಿಗೆ ಇದು ಗೊತ್ತಿರಬೇಕಿತ್ತು.

ಅಣ್ಣನ ವಿಷಯಕ್ಕೂ ಇದೇ ಮಾತು. ಅವನು ಅದೃಷ್ಟವಂತ ಅಂತ ನಿನಗೆ ಅನ್ನಿಸಿದೆ. ನನಗೆ ಹಾಗನ್ನಿಸಲಿಲ್ಲ. ಮದುವೆ ಸೀಸನ್ನಿನಲ್ಲಿ ಮಲೆನಾಡು, ಕರಾವಳಿಯ ಎಷ್ಟೋ ಹುಡುಗರು ಬಡಿಸೋಕೆ ಹೋಗುತ್ತಾರೆ. ಒಳ್ಳೆಯ ಕೆಲಸವೇ. ಪಂಕ್ತಿಯಲ್ಲಿ ಮುನ್ನೂರು ಜನರಿಗೆ ಸಾರು ಚೆಲ್ಲದೆ ಬಡಿಸಿ ಬಂದವನಿಗೆ ಹೊತ್ತು, ಶಿಸ್ತು, ಜನರ ಜೊತೆ ಮಾತು ಎಲ್ಲ ತಾನಾಗಿ ಬರುತ್ತದೆ. ಹಗಲು ಮುಹೂರ್ತದ ಊಟಕ್ಕೆ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ 17ರ ಹುಡುಗನನ್ನು ರಿಸೆಪ್ಷನ್ ಮುಗಿದು ಪಾತ್ರೆ ಲೋಡ್ ಮಾಡುವವರೆಗೆ ಇಟ್ಟುಕೊಂಡು, ನಡುರಾತ್ರಿ ಯಾರದೋ ಬೈಕಿನ ಹಿಂದೆ ಕಳಿಸುವ ಕೇಟರಿಂಗ್‌ನವರಿಗೆ ಮನೆಯಲ್ಲಿ ಮಕ್ಕಳಿಲ್ಲವೇ? ನಿನ್ನ ಅಪ್ಪ ನಿನಗೆ ಕೇಳಿದ 'ರಾತ್ರಿ ಹೇಗೆ ಬರ್ತೀಯ' ಅನ್ನುವ ಪ್ರಶ್ನೆಯನ್ನು ಅವನಿಗೂ ಕೇಳಬೇಕು. ನಿನಗೆ ಕೇಳಿದ್ದು ತಪ್ಪಲ್ಲ. ಅವನಿಗೆ ಕೇಳದೆ ಇರುವುದು ತಪ್ಪು.

ನಿನ್ನ ಅಪ್ಪನ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಎಂಟೂವರೆಗೆ ಅಂಗಡಿ ಬಾಗಿಲು ಹಾಕಿದರೆ ನಿಮ್ಮ ಹಳ್ಳಿಯ ಕೊನೇ ಬಸ್ ಹೋಗಿರುತ್ತದೆ ಅಂತ ಹೇಳುವವರು ಮಗಳ ಬಗ್ಗೆ ಯೋಚನೆ ಮಾಡಿದ್ದಾರೆ. ಆ 'ನಾಲ್ಕು ಜನ'ದ ಮಾತು ಮಾತ್ರ ಅವರು ಬಿಡಬೇಕು. ಆ ನಾಲ್ಕು ಜನ ನಿನಗೆ ಫೋನ್ ಕೊಡಿಸುವವರಲ್ಲ.

ನನ್ನ ಕೋಪ ಇರುವುದು ದೊಡ್ಡಮ್ಮನ ಮೇಲೆ. ನೀನು ಅವರ ಮೇಲೆ ಒಂದು ಸಾಲೂ ದೂರು ಬರೆದಿಲ್ಲ. 'ಪಾಪ, ನನ್ನನ್ನು ಕಂಡರೆ ತುಂಬಾ ಪ್ರೀತಿ' ಅಂದಿದ್ದೀಯ. ಪ್ರೀತಿ ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆ ಹೀಗೇ ಪ್ರೀತಿಯೊಳಗೆ ಮುಳುಗಿ ಹೋಗುತ್ತದೆ. ಹುಡುಗ ಬಡಿಸಿ ಬಂದರೆ ಕೆಲಸಕ್ಕೆ ಹೋಗಿದ್ದ ಅನ್ನುತ್ತಾರೆ. ಹುಡುಗಿ 200 ಹಪ್ಪಳ ಒತ್ತಿದರೆ ಕೈ ಜೋಡಿಸಿದಳು ಅನ್ನುತ್ತಾರೆ. ಒಂದೇ ಮನೆಯಲ್ಲಿ, ಒಂದೇ ರಜೆಯಲ್ಲಿ. ಕೊನೆಗೆ ಆ ಹುಡುಗಿಯೇ ಪತ್ರದಲ್ಲಿ 'ಸುಮ್ನೆ ಇದ್ದೀನಿ' ಅಂತ ಬರೆಯುತ್ತಾಳೆ.

ನನ್ನದೇ ಒಂದು ಮಾತು ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ನಾನು ಎರಡು ಬೇಸಿಗೆ ಸಂಬಂಧಿಕರೊಬ್ಬರ ಮನೆಯಲ್ಲಿ ರವಿಕೆಗೆ ಹೆಮ್ಮಿಂಗ್ ಹಾಕಿದೆ, ಹುಕ್ಸು ಹೊಲಿದೆ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ರವಿಕೆ. ಬೆರಳ ತುದಿ ಒರಟಾಗಿ ಹೋಗಿತ್ತು. ಕೊನೆಗೆ ಒಂದು ಲಂಗದ ಬಟ್ಟೆ ಕೊಟ್ಟರು. ಕೈಮುಗಿದು ತಗೊಂಡೆ. ಆ ಬಣ್ಣ ನನಗೆ ಇಷ್ಟವಿರಲಿಲ್ಲ, ಹೇಳಲಿಲ್ಲ. ದುಡ್ಡು ಕೇಳಬಹುದಿತ್ತು ಅನ್ನುವುದೇ ನನಗೆ ಹೊಳೆಯಲಿಲ್ಲ. ನಿನ್ನ ಚೂಡಿದಾರ್ ವಿಷಯ ಓದುವಾಗ ಆ ಲಂಗ ಕಣ್ಣಿಗೆ ಕಟ್ಟಿದ ಹಾಗಾಯಿತು. ಅದಕ್ಕೇ ನಿನ್ನ ಪತ್ರಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ತಿಂಗಳು ಬೇರೆ ತಂದೆ ತಾಯಿಗಳೂ 'ರಜೆಯಲ್ಲಿ ಮಕ್ಕಳು ಏನು ಕೆಲಸ ಮಾಡಬಹುದು' ಅಂತ ಕೇಳಿದ್ದಾರೆ. ಅವರಿಗೆ ಎರಡು ಮಾತು. ಮೇ ತಿಂಗಳಲ್ಲಿ ಕಾಲೇಜು ಸೇರುವವರ ಅರ್ಜಿ ತುಂಬೋಕೆ ಝೆರಾಕ್ಸ್ ಅಂಗಡಿಗಳಲ್ಲಿ ನೂಕುನುಗ್ಗಲು, ಕಂಪ್ಯೂಟರ್ ಬರುವ ಮಕ್ಕಳು ಹಗಲು ಆರು ಗಂಟೆಯ ಒಳಗೆ ಅಲ್ಲಿ ದುಡಿಯಬಹುದು. ಓಣಿಯ ನಾಲ್ಕನೇ ಐದನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ, ಓದು ಬರಹ ಹೇಳಿಕೊಡಬಹುದು. ಊರಲ್ಲಿ ಜಾಗ ಇಲ್ಲದಿದ್ದರೆ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಕೂರಬಹುದಾ ಅಂತ ಕೇಳಿ ನೋಡಿ. ಯಾವ ಕೆಲಸವಾದರೂ ಸರಿ, ಶುರುವಾಗುವ ಮೊದಲೇ ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಮಾತಾಗಿರಬೇಕು. ಬಂದ ದುಡ್ಡು ಮಗುವಿನ ಕೈಗೇ ಬರಬೇಕು. ಮನೆ ಖರ್ಚಿಗೆ ಬೇಕಾದರೆ ಮಗುವನ್ನು ಕೇಳಿ ತಗೊಳ್ಳಿ.

ಈಗ ನಿನಗೆ. ಅಪ್ಪನನ್ನು ಒಪ್ಪಿಸುವ ಕೆಲಸ ಬಿಡು. ನೀನು ಮಾಡಬೇಕಾದ್ದು ಒಂದೇ.

ಇವತ್ತೇ ಒಂದು 40 ಪುಟದ ನೋಟ್‌ಬುಕ್ ತಗೋ. ತಾರೀಖು, ಕೂತ ಹೊತ್ತು, ಎದ್ದ ಹೊತ್ತು, ಎಷ್ಟು ಹಪ್ಪಳ, ಎಷ್ಟು ಕಟ್ಟು ಅಂತ ಒಂದು ವಾರ ಬರಿ. ಮುಂದಿನ ಭಾನುವಾರ ದೊಡ್ಡಮ್ಮ ನಿಮ್ಮ ಮನೆಗೆ ಬಂದಾಗ, ಅಪ್ಪ ಇರುವಾಗಲೇ, ಆ ಪುಸ್ತಕ ಅವರ ಮುಂದೆ ಇಡು. ಅಮ್ಮ ಮಾತಾಡಲಿ ಅಂತ ಕಾಯಬೇಡ. ತನ್ನ ಅಕ್ಕನ ಎದುರು ಅಮ್ಮ ಬಾಯಿ ಬಿಡುವುದಿಲ್ಲ ಅಂತ ನೀನೇ ಬರೆದಿದ್ದೀಯ, ಪಾಪ, ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡ. ನೀನೇ ಹೇಳು: 'ದೊಡ್ಡಮ್ಮ, ಈ ವಾರ ಇಷ್ಟು ಕಟ್ಟು ಆಗಿದೆ. ಮಳೆ ಹಿಡಿಯುವವರೆಗೆ ನಾನು ಬಿಡದೆ ಬರ್ತೀನಿ. ನನಗೆ ಕಟ್ಟಿಗೆ 20 ರೂಪಾಯಿಯಂತೆ ಕೊಡಿ. ಕಾಲೇಜಿಗೆ ಬೇಕು.' ಅಷ್ಟೇ. ಅಳಬೇಡ, ಅಣ್ಣನ ಹೆಸರು ಎತ್ತಬೇಡ, ಚೂಡಿದಾರ್ ನೆನಪಿಸಬೇಡ.

'ನಮ್ಮ ಹುಡುಗಿಗೆ ಕೂಲಿ ಕೊಡೋದಾ?' ಅಂತ ಅವರು ನಗಬಹುದು. ನೀನೂ ನಗು, ಆದರೆ ಪುಸ್ತಕ ಎತ್ತಿಕೊಳ್ಳಬೇಡ. 15ಕ್ಕೆ ಇಳಿಸಿದರೆ ಒಪ್ಪಿಕೋ. ಆಗುವುದೇ ಇಲ್ಲ ಅಂದರೆ ಸೋಮವಾರ ಹೋಗಬೇಡ. ಮನೆಯಲ್ಲೇ ಇರು, ಓದಿಕೋ. ಎರಡು ದಿನ ಒಬ್ಬರೇ ಒತ್ತಲಿ, ಮೂರನೇ ದಿನ ಅವರೇ ಬಾಗಿಲಿಗೆ ಬರುತ್ತಾರೆ.

ಬಂದ ದುಡ್ಡು ಡಬ್ಬಿಯಲ್ಲಿ ಇಡಬೇಡ. ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮದೇ ಹೆಸರಲ್ಲಿ ಉಳಿತಾಯ ಖಾತೆ ತೆರೆಯಬಹುದು, 500 ರೂಪಾಯಿ ಸಾಕು. ಆಧಾರ್, ಫೋಟೊ ತಗೊಂಡು ಅಪ್ಪನ ಜೊತೆಗೇ ಹೋಗು. ಮಗಳ ಹೆಸರಿನ ಪಾಸ್‌ಬುಕ್ಕನ್ನು ಅವರೂ ಕೈಯಲ್ಲಿ ಹಿಡಿದು ನೋಡಲಿ.

ಭಾನುವಾರ ಆದ ಮೇಲೆ ನನಗೆ ಬರಿ. ದೊಡ್ಡಮ್ಮ ಎಷ್ಟಕ್ಕೆ ಒಪ್ಪಿದರು ಅನ್ನುವುದನ್ನು ಮೊದಲ ಸಾಲಲ್ಲೇ ಬರಿ, ಮೂರನೇ ಪುಟದಲ್ಲಿ ಬೇಡ.